ಮನೆ ಬಿಟ್ಟ ಮೇಲಿನ ವಾಯಿದೆಗಳು

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಏಟು ತಿಂದವಳ ಬಾಯಲ್ಲಿ ಹುಟ್ಟಿದ್ದಿರಲಾರದು. ಹಿಂಸೆ ತಾಳದೆ ತವರಿಗೆ ಬಂದವಳ ಕಷ್ಟ ಹೊಸ್ತಿಲು ದಾಟಿದೊಡನೆ ಮುಗಿಯುವುದೂ ಇಲ್ಲ. ಅಲ್ಲಿಂದ ಕೋರ್ಟಿನ ವಾಯಿದೆಗಳು ಆರಂಭವಾಗುತ್ತವೆ.

ಚಿತ್ರದುರ್ಗ ಸೀಮೆಯಲ್ಲಿ ಇಂಥ ವ್ಯಾಜ್ಯಗಳು ಬಹುಕಾಲ ಊರ ಕಟ್ಟೆಯಲ್ಲೋ, ಮ್ಯಾಸಬೇಡರು, ಕಾಡುಗೊಲ್ಲರಂಥ ಸಮುದಾಯಗಳ ಕಟ್ಟೆಮನೆಯಲ್ಲೋ ಬಗೆಹರಿಯುತ್ತಿದ್ದವು. ಗಂಡನನ್ನು ಬಿಟ್ಟವಳು ಉಡಿಕೆಯಾಗಲು ಹಲವು ಜಾತಿಗಳಲ್ಲಿ ಅವಕಾಶವಿತ್ತು. ಆದರೆ ತೀರ್ಪು ಹೇಳಲು ಕೂರುತ್ತಿದ್ದವರು ಗಂಡಸರು. ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಹೆಂಡತಿಯ ಪ್ರತ್ಯೇಕ ವಾಸ, ಜೀವನಾಂಶಗಳನ್ನು ಹಿರಿಯರ ದಾಕ್ಷಿಣ್ಯದಿಂದ ಬಿಡಿಸಿ ಹಕ್ಕಾಗಿ ಬರೆದಿಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ಅಂಥ ಕಾಯಿದೆ ಬಂದದ್ದು 1946ರಲ್ಲಿ.

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯಿದೆ ರಕ್ಷಣೆ, ವಸತಿ, ಹಣದ ನೆರವು, ಮಕ್ಕಳ ತಾತ್ಕಾಲಿಕ ಸುಪರ್ದಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಲು ಅವಕಾಶ ಕೊಟ್ಟಿತು. ಹಿರಿಯೂರಿನ ಗಂಡನ ಮನೆ ಬಿಟ್ಟು ಹೊಸದುರ್ಗದ ತವರಿನಲ್ಲಿರುವವಳು ಹೊಸದುರ್ಗದಲ್ಲೇ ಅರ್ಜಿ ಹಾಕಬಹುದು. ಹೊಳಲ್ಕೆರೆಯ ನೆಂಟರಲ್ಲಿ ತಾತ್ಕಾಲಿಕವಾಗಿ ಉಳಿದವಳು ಅಲ್ಲೇ ಹಾಕಬಹುದು. ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಅರ್ಜಿ ಮುಗಿಸಲು ಯತ್ನಿಸಬೇಕೆಂದೂ ಕಾಯಿದೆ ಹೇಳುತ್ತದೆ.

ತೊಡಕಿರುವುದು ಇದರಾಚೆ. ಹಿಂದೂ ವಿವಾಹ ಕಾಯಿದೆಯಂತೆ, ದಂಪತಿ ಕೊನೆಗೆ ಜೊತೆಯಾಗಿ ಬಾಳಿದ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿ ಗಂಡ ವಿಚ್ಛೇದನ ಕೇಳಬಹುದು. ಆಗ ಹೆಂಡತಿಗೆ ಎರಡು ಊರು, ಎರಡು ವಾಯಿದೆ. ಬಸ್ಸಿನ ಖರ್ಚು, ತಪ್ಪಿದ ಕೂಲಿ, ಹೊಡೆದವನನ್ನೇ ಕೋರ್ಟಿನ ಪಡಸಾಲೆಯಲ್ಲಿ ಎದುರಿಸುವ ಭಯ. ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಯತ್ನಿಸಬೇಕೆಂಬುದು 1984ರ ಕಾಯಿದೆಯ ನಿಯಮ. ಸಣ್ಣ ಮನಸ್ತಾಪಕ್ಕೆ ಅದು ಮದ್ದು. ಜೀವಭಯದಿಂದ ಓಡಿಬಂದವಳಿಗೆ ಹಳೆಯ ಗಾದೆಯನ್ನೇ ಮತ್ತೆ ಕೇಳಿದಂತೆ.

ಗಂಡ ವಾಯಿದೆ ಎಳೆದರೆ ಹಣಕ್ಕೆ ನಷ್ಟವೇ? ಅರ್ಜಿ ಸಲ್ಲಿಸಿದ ದಿನದಿಂದಲೇ ಜೀವನಾಂಶ ಸಿಗಬೇಕೆಂದು, ಇಬ್ಬರೂ ಆಸ್ತಿ ಆದಾಯಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆದೇಶ ಕೈಗೆ ಬಂದರೆ ಹಣ ಬಂದಂತಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಂ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಂ ಆಗಿದೆ. ಅದರಂತೆ ಬಾಕಿ ವಸೂಲಿಗೆ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇದನ್ನರಿಯದೆ ‘ಇಂದಲ್ಲ ನಾಳೆ ಕೊಟ್ಟಾನು’ ಎಂದು ಕಾದವಳು ವಾರಂಟಿನ ದಾರಿಯನ್ನೇ ಕಳೆದುಕೊಳ್ಳಬಹುದು.

ಇದನ್ನು ತಿಳಿಸಲು, ವಕೀಲರನ್ನು ಕೊಡಲು ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ. ಮಹಿಳೆಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು. ಮನೆ ಬಿಡಲು ಬೇಕಾದ ಧೈರ್ಯ ಒಂದು ರಾತ್ರಿಯದು. ವಾಯಿದೆಗಳನ್ನು ದಾಟಲು ವರ್ಷಗಳ ಧೈರ್ಯ ಬೇಕು. ಅದನ್ನು ಅವಳೊಬ್ಬಳೇ ಹೊರಬೇಕಾಗಿಲ್ಲ.