ಆತಂಕದ ಗುಳಿಗೆ: ಹಳೆ ಚೀಟಿ ನಡೆಯಲ್ಲ, ಫ್ಯಾಮಿಲಿ ಡಾಕ್ಟರ್ ಹೊಸದು ಬರೆಯಲ್ಲ, ಯಾಕೆ?

ಬಸವಕಲ್ಯಾಣ/ಹುಮನಾಬಾದ್: ಎದೆ ಢವಢವ, ರಾತ್ರಿ ನಿದ್ದೆ ಇಲ್ಲ, ಸುಮ್‌ಸುಮ್ನೆ ಹೆದರಿಕೆ ಅಂತ ಸೊಲ್ಲಾಪುರಕ್ಕೋ, ಕಲಬುರಗಿಗೋ, ಹೈದರಾಬಾದಿಗೋ ಹೋಗಿ ತೋರಿಸಿಕೊಂಡು ಬರುತ್ತಾರೆ. ಅಲ್ಲಿನ ಡಾಕ್ಟರ್ ಒಂದು ತಿಂಗಳ ಗುಳಿಗೆ ಬರೆದು ಕೊಡುತ್ತಾರೆ. ತೊಂದರೆ ಶುರುವಾಗುವುದು ಆ ತಿಂಗಳು ಮುಗಿದ ಮೇಲೆ. ಮೆಡಿಕಲ್‌ನವರು ‘ಹೊಸ ಚೀಟಿ ತರ್ರಿ’ ಅಂತಾರೆ. ಊರಿನ ಫ್ಯಾಮಿಲಿ ಡಾಕ್ಟರ್ ‘ಯಾರು ಬರದಾರೋ ಅವರ ಹತ್ರನೇ ಹೋಗ್ರಿ’ ಅಂತಾರೆ. ಒಂದು ಚೀಟಿಗೆ ಮತ್ತೆ ಇಡೀ ದಿನ ಬಸ್ಸು, ಅಂಗಡಿ ಬಂದ್.

ಮೆಡಿಕಲ್‌ನವರು ಹಠ ಮಾಡ್ತಾರೆ ಅನ್ನುವಂತಿಲ್ಲ. ಅಲ್ಪ್ರಾಜೋಲಮ್, ಡಯಾಜೆಪಾಮ್, ನಿದ್ದೆಯ ಜೋಲ್ಪಿಡೆಮ್ ಇವೆಲ್ಲ 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ‘ಶೆಡ್ಯೂಲ್ ಎಚ್‌1’ ಪಟ್ಟಿಯಲ್ಲಿವೆ. ಇವನ್ನು ಮಾರಿದರೆ ಡಾಕ್ಟರ್ ಹೆಸರು ವಿಳಾಸ, ರೋಗಿಯ ಹೆಸರು, ಎಷ್ಟು ಗುಳಿಗೆ ಎಂಬುದನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ಕ್ಲೋನಾಜೆಪಾಮ್ ಆ ಪಟ್ಟಿಯಲ್ಲಿ ಇಲ್ಲದಿದ್ದರೂ ಎನ್‌ಡಿಪಿಎಸ್ ಕಾನೂನಿನೊಳಗೆ ಬರುತ್ತದೆ, ಅದಕ್ಕೂ ಚೀಟಿ ಬೇಕೇ ಬೇಕು.

ಬಹಳ ಮಂದಿಗೆ ಗೊತ್ತಿಲ್ಲದ ಮಾತು ಇನ್ನೊಂದಿದೆ. 1945ರ ಔಷಧ ನಿಯಮಗಳ 65ನೇ ನಿಯಮದಂತೆ ಒಂದು ಚೀಟಿಗೆ ಒಂದೇ ಸಲ ಔಷಧ. ಕೊಟ್ಟ ಮೇಲೆ ಅಂಗಡಿಯ ಹೆಸರು, ತಾರೀಖು ಚೀಟಿ ಮೇಲೆ ಬೀಳಬೇಕು. ಹಾಗಾಗಿ ಕಲ್ಯಾಣದಲ್ಲಿ ಇಲ್ಲ ಅಂದಿದ್ದನ್ನು ಹುಮನಾಬಾದಿನಲ್ಲಿ ಕೇಳಿದರೂ ಅಷ್ಟೆ. ಆದರೆ ಅದೇ ನಿಯಮ ದಾರಿಯನ್ನೂ ಕೊಟ್ಟಿದೆ: ‘ಇಷ್ಟು ಸಲ, ಇಷ್ಟು ದಿನಕ್ಕೊಮ್ಮೆ ಕೊಡಬಹುದು’ ಎಂದು ಡಾಕ್ಟರ್ ಚೀಟಿಯಲ್ಲೇ ಬರೆದಿದ್ದರೆ ಅಷ್ಟು ಸಲ ಕೊಡಬಹುದು. ದೂರದ ಡಾಕ್ಟರ್ ಮುಂದೆ ಕುಳಿತಾಗಲೇ ಇದನ್ನು ಕೇಳಬೇಕು. ಬರೆಯುವುದು ಬಿಡುವುದು ಅವರಿಗೆ ಬಿಟ್ಟದ್ದು. ಕೇಳದೇ ಎದ್ದು ಬಂದರೆ ಮಾತ್ರ ಬಸ್ ಚಾರ್ಜು ತಪ್ಪಿದ್ದಲ್ಲ.

ಇನ್ನು ಫ್ಯಾಮಿಲಿ ಡಾಕ್ಟರ್ ವಿಷಯ. ಎಂಬಿಬಿಎಸ್ ಆದವರು ಈ ಗುಳಿಗೆ ಬರೆಯಬಾರದು ಎಂಬ ಕಾನೂನಿಲ್ಲ. ಅವರ ಹಿಂಜರಿಕೆಗೆ ಕಾರಣ ಬೇರೆ. ಆತಂಕದ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ತರಹದ ಗುಳಿಗೆ ಇರುತ್ತವೆ. ಎಸ್ಸಿಟಾಲೋಪ್ರಾಮ್, ಸರ್ಟ್ರಾಲೈನ್‌ನಂಥವು ನಿಧಾನ ಕೆಲಸ ಮಾಡುತ್ತವೆ, ತಿಂಗಳುಗಟ್ಟಲೆ ತಗೊಳ್ಳುವಂಥವು. ಅಲ್ಪ್ರಾಜೋಲಮ್, ಕ್ಲೋನಾಜೆಪಾಮ್ ಕೂಡಲೇ ಆರಾಮ ಕೊಡುತ್ತವೆ, ಆದರೆ ಕೆಲವೇ ವಾರಗಳಲ್ಲಿ ಶರೀರಕ್ಕೆ ರೂಢಿಯಾಗುತ್ತವೆ. ರೋಗಿ ಕೇಳುವುದು ಹೆಚ್ಚಾಗಿ ಎರಡನೆಯದನ್ನೇ, ಯಾಕಂದ್ರೆ ಗುಣ ಕಂಡದ್ದು ಅದರಿಂದ. ಮೊದಲು ಏನು ಕಾಯಿಲೆ ಅಂದಿದ್ದರು, ಎಷ್ಟು ದಿನ ಅಂದಿದ್ದರು ಎಂಬ ಕಾಗದವಿಲ್ಲದೆ ಅದನ್ನು ಮುಂದುವರಿಸಲು ಯಾವ ಡಾಕ್ಟರೂ ಹೆದರುತ್ತಾರೆ. ಹೀಗಾಗಿ ದೊಡ್ಡ ಡಾಕ್ಟರಿಂದ ಫ್ಯಾಮಿಲಿ ಡಾಕ್ಟರ್ ಹೆಸರಿಗೆ ನಾಲ್ಕು ಸಾಲಿನ ಪತ್ರ ಬರೆಸಿಕೊಂಡು ಬಂದರೆ ಕೆಲಸ ಅರ್ಧ ಆದಂಗೆ.

ಊರಿನ ಡಾಕ್ಟರ್ ಕೈಲಿ ಇದಾಗಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು ಮನೋರೋಗ ನೋಡಿಸುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ್ದು ನಮ್ಮ ಭಾಗದ ಬಳ್ಳಾರಿಯಲ್ಲೇ. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆದದ್ದು ಅದರಿಂದ.

ನಿಜವಾದ ಅಪಾಯ ಇರುವುದು ಚೀಟಿ ಸಿಗಲಿಲ್ಲ ಅಂತ ಗುಳಿಗೆ ಒಮ್ಮೆಲೇ ಬಿಡುವುದರಲ್ಲಿ. ದಿನಾ ಅಲ್ಪ್ರಾಜೋಲಮ್ ತಗೊಂಡವರು ತಟ್ಟನೆ ನಿಲ್ಲಿಸಿದರೆ ಹೆದರಿಕೆ ದುಪ್ಪಟ್ಟಾಗಿ ತಿರುಗಿ ಬರಬಹುದು, ಕೈ ನಡುಗಬಹುದು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಡಾಕ್ಟರ್ ಹೇಳಿದಂತೆ ಸ್ವಲ್ಪಸ್ವಲ್ಪ ಇಳಿಸಿಯೇ ಬಿಡಬೇಕು. ಪಕ್ಕದ ಮನೆಯವರ ಗುಳಿಗೆ ಕೇಳಿ ತಗೊಳ್ಳುವುದು, ಗುಳಿಗೆ ಬದಲು ಅಥವಾ ಗುಳಿಗೆ ಜೊತೆ ಕುಡಿಯುವುದು ಎರಡೂ ಬೇಡ. ಕುಡಿತದ ಜೊತೆ ಇವು ಉಸಿರನ್ನೇ ಕುಗ್ಗಿಸುತ್ತವೆ.

ಸೊಲ್ಲಾಪುರಕ್ಕೆ ಹೋಗುವ ಮೊದಲು ತಾಲ್ಲೂಕು ದವಾಖಾನೆಯಲ್ಲಿ ‘ಮನೋಚೈತನ್ಯ’ ಮಂಗಳವಾರದ ಕ್ಲಿನಿಕ್ ಯಾವಾಗ ಎಂದು ವಿಚಾರಿಸಿ. ಬೀದರ್‌ನ ಬ್ರಿಮ್ಸ್ ಹುಮನಾಬಾದಿನಿಂದ ಸುಮಾರು 50 ಕಿ.ಮೀ. ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಆದರೆ 2020ರ ಟೆಲಿಮೆಡಿಸಿನ್ ನಿಯಮದಂತೆ ಅಲ್ಪ್ರಾಜೋಲಮ್ ಅನ್ನು ಫೋನ್ ಮೇಲೆ ಬರೆಸಿಕೊಳ್ಳಲು ಬರುವುದಿಲ್ಲ.

ಎಲ್ಲಿಗೇ ಹೋದರೂ ಹಳೆ ಚೀಟಿ, ಖಾಲಿ ಪಾಕೀಟು ಜೊತೆಗಿರಲಿ. ಗುಳಿಗೆ ಮುಗಿದ ದಿನ ಅಲ್ಲ, ಇನ್ನೂ ಎಂಟು ದಿನದ್ದು ಉಳಿದಿರುವಾಗಲೇ ಹೊರಡಿ.