ಪಂಕ್ತಿಗೆ ತಕ್ಕ ಪಟ್ಟಣ

ನಾಗಪುರದ ಧರಮಪೇಠದಲ್ಲಿ, ಗೋಕುಲಪೇಠ ಮಾರುಕಟ್ಟೆಯ ಮಗ್ಗುಲಿಗೆ, ಬೆಳಗಿನ ಬಿಸಿಲು ಮಾಳಿಗೆಗಳಿಂದ ಬೀದಿಗೆ ಇಳಿಯುವ ಮೊದಲೇ ಪೋಹೆಯ ಗಾಡಿಯ ಸುತ್ತ ಜನ ನೆರೆದಿರುತ್ತಾರೆ. ಅಗಲವಾದ ಪಾತ್ರೆಯಲ್ಲಿ ಅರಿಸಿನದ ಬಣ್ಣದ ಅವಲಕ್ಕಿ ಹಬೆಯಾಡುತ್ತಿರುತ್ತದೆ. ಪಕ್ಕದ ಕೊಳದಪ್ಪಲೆಯಲ್ಲಿ ಕಪ್ಪು ಕಡಲೆಯ ಸಾರು ಕುದಿಯುತ್ತಿದ್ದು, ಅದರ ಮೇಲೆ ಮೆಣಸಿನಕಾಯಿಯ ಕೆಂಪೆಣ್ಣೆ ತೇಲುತ್ತಿರುತ್ತದೆ. ಈ ಕೆಂಪು ಸಾರಿಗೆ ಇಲ್ಲಿಯವರು ‘ತರ್ರಿ’ ಎನ್ನುವರು. ಗಾಡಿಯವನು ತಟ್ಟೆಗೆ ಅವಲಕ್ಕಿ ಹಾಕಿ, ಸವಟನ್ನು ತರ್ರಿಯಲ್ಲಿ ಅದ್ದಿ ಎತ್ತಿ ಹಿಡಿದು, ಎದುರಿಗಿರುವವರ ಮುಖ ನೋಡಿ ‘ಎಷ್ಟು?’ ಎಂದು ಕೇಳುತ್ತಾನೆ. ತರುಣನಿಗೆ ಎರಡು ಸವಟು, ವೃದ್ಧರಿಗೆ ಅರ್ಧ, ಶಾಲೆಗೆ ಹೊರಟ ಮಗುವಿಗೆ ತರ್ರಿಯ ಸೋಂಕಿಲ್ಲದೆ, ಸೇವು ಉದುರಿಸಿ ನಿಂಬೆ ಹಿಂಡಿದ ಬರಿಯ ಪೋಹೆ. ಸಂಗಡಿಗರೊಡನೆ ಊಟತಿಂಡಿಗಾಗಿಯೇ ಪ್ರವಾಸ ಹೊರಡುವವರು ಊರನ್ನು ಹೇಗೆ ಆರಿಸಬೇಕೆಂಬ ಪ್ರಶ್ನೆಗೆ ಉತ್ತರವು, ಒಂದೇ ಗಾಡಿಯ ಮುಂದೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕೇಳುವ ಆ ಒಂದು ಮಾತಿನಲ್ಲಿಯೇ ಅಡಗಿದೆಯೆಂದು ನನಗೆ ತೋರುತ್ತದೆ.

ಧರಮಪೇಠ, ಶಂಕರನಗರಗಳಲ್ಲಿ ಉದ್ಯೋಗನಿಮಿತ್ತ ನೆಲೆಸಿದ ನಾವು ಐದು ಕನ್ನಡ ಮನೆಯವರು ವರ್ಷಕ್ಕೊಮ್ಮೆ ಹೀಗೆ ಒಟ್ಟಾಗಿ ಹೊರಡುವ ರೂಢಿಯನ್ನಿಟ್ಟುಕೊಂಡಿದ್ದೇವೆ. ಹದಿನಾಲ್ಕು ಮಂದಿಯ ಈ ಕೂಟದಲ್ಲಿ ಕೊಡಗಿನ ಕಡೆಯವರಿಗೆ ಮಾಂಸವಿಲ್ಲದ ಊಟ ರುಚಿಸದು. ಕಲಬುರ್ಗಿಯವರಿಗೆ ಖಾರವೆಷ್ಟಿದ್ದರೂ ಸಾಲದು. ಮೈಸೂರಿನ ಗೃಹಸ್ಥರಿಗೆ ಮಧುಮೇಹ. ಮೂವರು ಮಕ್ಕಳಿಗೆ ಖಾರವೇ ಆಗದು. ಧಾರವಾಡದ ಅಜ್ಜಿಯವರಿಗೆ ಶನಿವಾರ ಒಪ್ಪತ್ತು, ಎಂದರೆ ಹಗಲು ಒಂದು ಊಟ, ರಾತ್ರಿ ಫಳಾರ. ಮೊದಲನೆಯ ವರ್ಷ ನಾವು ಕೀರ್ತಿಯೊಂದನ್ನೇ ನಂಬಿ ಒಂದು ನಗರವನ್ನು ಆರಿಸಿದೆವು. ಶನಿವಾರ ರಾತ್ರಿ ಆ ಊರಿನ ಪ್ರಸಿದ್ಧ ಭೋಜನಗೃಹವೊಂದರಲ್ಲಿ ಹದಿಮೂರು ಜನ ತೃಪ್ತಿಯಾಗಿ ಉಣ್ಣುತ್ತಿರುವಾಗ, ಅಜ್ಜಿಯವರು ಮೇಜಿನ ಕೊನೆಯಲ್ಲಿ ಕುಳಿತು, ಕೈಚೀಲದಿಂದ ಎರಡು ಬಾಳೆಹಣ್ಣು ತೆಗೆದು, ಸಿಪ್ಪೆಯನ್ನು ಸೆರಗಿನ ಮರೆಯಲ್ಲಿ ಸುಲಿದು ತಿಂದರು. ಅವರು ಏನೂ ಆಡಿಕೊಳ್ಳಲಿಲ್ಲ. ಆದರೆ ಉಂಡ ನಮ್ಮಲ್ಲಿ ಯಾರಿಗೂ ಆ ಊಟ ಮೈಗೆ ಹತ್ತಲಿಲ್ಲ.

ಪಂಕ್ತಿಯಲ್ಲಿ ಕುಳಿತವರು ಕಡೆಯ ಎಲೆಗೆ ಬಡಿಸುವವರೆಗೂ ಅನ್ನಕ್ಕೆ ಕೈಯಿಕ್ಕದ ಸಂಪ್ರದಾಯ ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಪ್ರವಾಸದ ಊರನ್ನು ಆರಿಸುವಲ್ಲಿಯೂ ಇದೇ ನ್ಯಾಯ ಸಲ್ಲಬೇಕು. ಎಲ್ಲವನ್ನೂ ತಿನ್ನಬಲ್ಲವನು ಯಾವ ಊರಿನಲ್ಲಿಯಾದರೂ ಸುಖವಾಗಿಯೇ ಇರುವನಾದುದರಿಂದ ಅವನ ಇಷ್ಟವನ್ನು ಮೊದಲು ಕೇಳುವುದರಿಂದ ಪ್ರಯೋಜನವಿಲ್ಲ. ಎಲ್ಲರಿಗಿಂತ ಕಡಿಮೆ ತಿನ್ನಬಲ್ಲವರು ಯಾರು, ಅವರಿಗೆ ಏನು ಸಲ್ಲುತ್ತದೆ, ಏನು ಸಲ್ಲದು ಎಂಬುದನ್ನು ಮೊದಲು ಬರೆದಿಟ್ಟುಕೊಂಡು, ಅವರಿಗೂ ಬಾಯಿ ಚಪ್ಪರಿಸುವ ವಸ್ತು ಯಾವ ಊರಿನಲ್ಲಿ ದೊರೆಯುವುದೋ ಆ ಊರುಗಳನ್ನಷ್ಟೇ ಪಟ್ಟಿಯಲ್ಲಿ ಉಳಿಸಿಕೊಳ್ಳತಕ್ಕದ್ದು.

ಎರಡನೆಯದಾಗಿ, ಆ ಊರಿನ ತಿನಿಸು ಆ ಊರಿನ ಮಣ್ಣಿನಿಂದಲೂ ಕಸುಬಿನಿಂದಲೂ ಹುಟ್ಟಿದುದಾಗಿರಬೇಕು. ನಾಗಪುರವನ್ನೇ ನೋಡಿ. ಇಲ್ಲಿಯ ಸಾವಜಿ ಊಟವು ಹಲಬಾ ಕೋಷ್ಟಿ ಎಂಬ ನೇಕಾರರ ಮನೆಗಳಲ್ಲಿ ಬೆಳೆದು ಬೀದಿಗೆ ಬಂದದ್ದು. ಹುಬ್ಬಳ್ಳಿ, ಧಾರವಾಡ, ಗದಗಗಳ ಸಾವಜಿ ಖಾನಾವಳಿಗಳನ್ನು ಬಲ್ಲ ಕನ್ನಡಿಗನಿಗೆ, ಸಮಾಜ ಬೇರೆಯಾದರೂ ಹೆಸರು ಒಂದೇ, ಮಗ್ಗದ ಕಸುಬೂ ಒಂದೇ, ಕಣ್ಣಲ್ಲಿ ನೀರು ತರಿಸುವ ಮಸಾಲೆಯ ಪ್ರತಾಪವೂ ಒಂದೇ ಎಂಬುದನ್ನು ಕಂಡು ವಿಸ್ಮಯವಾಗದಿರದು. ಇಲ್ಲಿಯ ‘ಲಂಬಿ ರೋಟಿ’ಯನ್ನು ಮಾಡುವ ಹೆಂಗಸು ನೀರಾಗಿ ಕಲಸಿದ ಗೋದಿಯ ಕಣಕವನ್ನು ಎರಡೂ ಮುಂಗೈಗಳ ಮೇಲೆ ಜೋಲಿಸಿ ಜೋಲಿಸಿ, ಬಟ್ಟೆಯಷ್ಟು ತೆಳ್ಳಗಾದ ಮೇಲೆ, ಒಲೆಯ ಮೇಲೆ ಬೋರಲಿಟ್ಟ ಮಣ್ಣಿನ ಗಡಿಗೆಯ ಬೆನ್ನಿಗೆ ಹೊದಿಸುವುದನ್ನು ಕಂಡರೆ ಬೆಳಗಾವಿಯ ಮಂಡಿಗೆಯ ನೆನಪಾಗುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ವರ್ಣಿಸಿರುವ ಮಂಡಕವೂ ಇದೇ ಕುಲದ ಭಕ್ಷ್ಯ. ಗೋಕುಲಪೇಠದ ಕಾಯಿಪಲ್ಯದವಳು ಹೊಸದಾಗಿ ಬಂದ ಕನ್ನಡಿತಿಗೆ ‘ಸಾಂಬಾರ್ ಬೇಕೆ?’ ಎಂದು ಕೇಳಿ ಕೊತ್ತಂಬರಿಯ ಸಿವುಡನ್ನು ಮುಂದೆ ಹಿಡಿಯುತ್ತಾಳೆ. ವಿದರ್ಭದಲ್ಲಿ ಕೊತ್ತಂಬರಿ ಸೊಪ್ಪಿಗೇ ಆ ಹೆಸರು, ಆ ಸೊಪ್ಪನ್ನು ತುಂಬಿ ಕರಿದ ಸುರುಳಿಗೆ ‘ಸಾಂಬಾರ್ ವಡಿ’ ಎಂದು ಹೆಸರು. ತನ್ನ ಮನೆಯ ರುಚಿಯ ದೂರದ ಬಂಧುವನ್ನು ಹೀಗೆ ಪರಸ್ಥಳದಲ್ಲಿ ಗುರುತಿಸುವ ಆನಂದವು, ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯಾಗಿ ದೊರೆಯುವ ಹೋಟೆಲಿನ ಅಡುಗೆಯಿಂದ ಎಂದಿಗೂ ಲಭಿಸದು.

ಮೂರನೆಯದು ಋತು. ಊರು ಸರಿಯಾಗಿದ್ದರೂ ಕಾಲ ತಪ್ಪಿದರೆ ಅರ್ಧ ಊರನ್ನು ಮಾತ್ರ ಕಂಡಂತೆ. 2014ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ನಾಗಪುರದ ಕಿತ್ತಳೆಗೆ ವರ್ಷದಲ್ಲಿ ಎರಡು ಫಸಲು: ‘ಅಂಬಿಯಾ ಬಹಾರ’ದ ಹಣ್ಣು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ‘ಮೃಗ ಬಹಾರ’ದ್ದು ಫೆಬ್ರವರಿ, ಮಾರ್ಚಿನ ಸುಮಾರಿಗೆ. ಈ ತಿಂಗಳುಗಳಲ್ಲಿ ಬಂದವನಿಗೆ ಹಣ್ಣೂ ಉಂಟು, ಸಂತ್ರಾ ಬರ್ಫಿಯೂ ಉಂಟು. ಉಷ್ಣತೆ 45 ಡಿಗ್ರಿಯನ್ನು ಮುಟ್ಟುವ ಮೇ ತಿಂಗಳಲ್ಲಿ ಬಂದವನಿಗೆ ಹಸಿವೆಯೇ ಇರದು. ಹೈದರಾಬಾದಿನ ಹಲೀಮು, ಗೋದಿಯನ್ನೂ ಮಾಂಸವನ್ನೂ ಬಹಳ ಹೊತ್ತು ಒಟ್ಟಿಗೆ ಬೇಯಿಸಿ ಮಿದ್ದು ಮಾಡುವ ಆ ಪಾಕ, ರಂಜಾನಿನ ಸಂಜೆಗಳಲ್ಲಿ ಬೀದಿಬೀದಿಗೂ ಹೊರಬರುತ್ತದೆ. ಇಂದೂರಿನ ಗರಾಡು, ಎಂದರೆ ಎಣ್ಣೆಯಲ್ಲಿ ಕರಿದು ಮಸಾಲೆ ಉದುರಿಸಿ ನಿಂಬೆ ಹಿಂಡಿ ಕೊಡುವ ಒಂದು ಜಾತಿಯ ಗೆಣಸು, ಚಳಿಗಾಲದ ತಿನಿಸು.

ನಾಲ್ಕನೆಯದು ಅಳತೆ. ಎರಡು ದಿನದ ಪ್ರವಾಸವೆಂದರೆ ಹೆಚ್ಚೆಂದರೆ ಆರು ಹೊತ್ತಿನ ಹಸಿವೆ. ಒಂದೇ ತಟ್ಟೆಯಿಂದ ಹೊಟ್ಟೆ ತುಂಬಿಸುವ ಊರಿನಲ್ಲಿ ಆರೇ ರುಚಿಗಳು ದೊರೆಯುತ್ತವೆ. ದೊನ್ನೆದೊನ್ನೆಯಾಗಿ ಕೊಡುವ ಊರಿನಲ್ಲಿ, ಹದಿನಾಲ್ಕು ಜನ ಹಂಚಿಕೊಂಡು ತಿಂದರೆ, ಮೂವತ್ತು ರುಚಿಗಳನ್ನಾದರೂ ನೋಡಬಹುದು. ತಿನಿಸಿನ ಅಂಗಡಿಗಳು ನಡೆದುಹೋಗುವಷ್ಟು ಹತ್ತಿರದಲ್ಲಿದ್ದರೆ ವೃದ್ಧರಿಗೆ ಆಯಾಸವಿಲ್ಲ. ಒಬ್ಬರು ಒಂದೆಡೆ ನಿಂತು ತಿನ್ನುತ್ತಿರುವಾಗ ಇನ್ನೊಬ್ಬರು ಎದುರಿನ ಅಂಗಡಿಯಲ್ಲಿ ತಮಗೆ ಬೇಕಾದುದನ್ನು ಕೊಳ್ಳಬಹುದು.

ಈ ನಾಲ್ಕು ಅಳತೆಗೋಲುಗಳನ್ನು ಹಿಡಿದು ನಾವು ಹೈದರಾಬಾದನ್ನೂ ಇಂದೂರನ್ನೂ ತೂಗಿ ನೋಡಿದೆವು. ನಾಗಪುರದಿಂದ ಎರಡೂ ಹೆಚ್ಚುಕಡಿಮೆ 500 ಕಿಲೋಮೀಟರು. ಒಂದು ದಕ್ಷಿಣಕ್ಕೆ, ಮತ್ತೊಂದು ಪಶ್ಚಿಮದ ಕಡೆಗೆ. ಹೈದರಾಬಾದಿನ ಪರವಾಗಿ ಕೊಡಗಿನವರು ಬಲವಾಗಿ ವಾದಿಸಿದರು, ಅದು ನ್ಯಾಯವೂ ಆಗಿತ್ತು: 2019ರಲ್ಲಿ ಯುನೆಸ್ಕೋ ಸಂಸ್ಥೆ ಪಾಕಕಲೆಗಾಗಿಯೇ ಮನ್ನಿಸಿದ ನಗರವದು, ಅಲ್ಲಿಯ ಬಿರಿಯಾನಿಯೊಡನೆ ಸಸ್ಯಾಹಾರಿಗೆ ಬಘಾರೆ ಬೈಂಗನ್, ಖುಬಾನಿ ಕಾ ಮೀಠಾ, ಇರಾನಿ ಚಹವೂ ಉಂಟು. ಆದರೆ ಅಲ್ಲಿಯ ಮುಖ್ಯ ಭಕ್ಷ್ಯಗಳು ತುಂಬು ತಟ್ಟೆಯವು. ನಗರದ ವಿಸ್ತಾರವೂ ದೊಡ್ಡದು. ಇಂದೂರಿನಲ್ಲಿಯಾದರೋ, ಹಗಲಿಗೆ ಸಾಲಾಗಿ ನಿಂತ ‘ಛಪ್ಪನ್ ದುಕಾನ್’, ರಾತ್ರಿಗೆ ರಾಜವಾಡೆಯ ಬಳಿಯ ಸರಾಫಾ ಬಜಾರು. ಅಲ್ಲಿ ತಿನಿಸೆಲ್ಲ ಸಣ್ಣ ಸಣ್ಣ ಪ್ರಮಾಣದ್ದು, ಸಸ್ಯಾಹಾರವೇ ಪ್ರಧಾನ. ಕಡೆಯ ಎಲೆಯ ನ್ಯಾಯ ಇಂದೂರನ್ನೇ ಆರಿಸಿತು. ಮುಂದಿನ ವರ್ಷ ಹೈದರಾಬಾದು ಎಂದು ಅಂದೇ ಮಾತು ಕೊಟ್ಟೆವು. ಹೊರಡುವ ದಿನ ಮಧ್ಯಾಹ್ನ ಕೊಡಗಿನವರನ್ನು ಕರೆದುಕೊಂಡು ಹೋಗಿ ಸಾವಜಿ ಊಟ ಮಾಡಿಸಿದೆವು. ಒಬ್ಬರ ಸಲುವಾಗಿ ಇನ್ನೊಬ್ಬರು ಬಿಟ್ಟುಕೊಟ್ಟುದನ್ನು ಹೀಗೆ ಬೇರೊಂದು ಹೊತ್ತಿನಲ್ಲಿ ತುಂಬಿಕೊಡದಿದ್ದರೆ ಕೂಟ ಬಹಳ ಕಾಲ ಬಾಳುವುದಿಲ್ಲ.

ಡಿಸೆಂಬರಿನ ಒಂದು ಶನಿವಾರ ರಾತ್ರಿ ನಾವು ಸರಾಫೆಯಲ್ಲಿದ್ದೆವು. ಹಗಲೆಲ್ಲ ಚಿನ್ನಬೆಳ್ಳಿಯ ವ್ಯಾಪಾರ ನಡೆದ ಅಂಗಡಿಗಳು ಕದವಿಕ್ಕಿದೊಡನೆಯೇ ಅವುಗಳ ಮುಂದೆ ತಿಂಡಿಯವರ ಒಲೆಗಳು ಹೊತ್ತಿಕೊಂಡಿದ್ದವು. ಮಕ್ಕಳು ಹಾಲಿನಲ್ಲಿ ಬೆಂದ ಜೋಳದ ‘ಭುಟ್ಟೆ ಕಾ ಕೀಸ್’ ತಿನ್ನುತ್ತಿದ್ದರು. ಕಲಬುರ್ಗಿಯವರು ಗರಾಡುವಿನ ಮೇಲೆ ಎರಡನೆಯ ಸಲ ಮಸಾಲೆ ಹಾಕಿಸಿಕೊಂಡರು. ಮಧುಮೇಹದವರಿಗೆ ದಹಿವಡೆ, ಅವರ ಪತ್ನಿಗೆ ಜಿಲೇಬಿ. ಸಾಬೂದಾಣಿ ಖಿಚಡಿಯ ಅಂಗಡಿಯವನು ಹಬೆಯಾಡುವ ಸಬ್ಬಕ್ಕಿಯನ್ನು ಬೋಗುಣಿಗೆ ತೆಗೆದುಕೊಂಡು, ಮಸಾಲೆಯ ಡಬ್ಬಕ್ಕೆ ಕೈಹಾಕುವ ಮುನ್ನ ತಲೆಯೆತ್ತಿ, ಅಜ್ಜಿಯವರನ್ನು ನೋಡಿ, ವ್ರತವಿದೆಯೇ ಎಂದು ತಾನಾಗಿಯೇ ವಿಚಾರಿಸಿದನು. ಅಜ್ಜಿಯವರು ಹೌದೆಂದು ತಲೆಯಾಡಿಸಿದರು. ಅವನು ಆ ಡಬ್ಬವನ್ನು ಸರಿಸಿ, ಸೈಂಧವ ಲವಣ, ಹಸಿಮೆಣಸಿನಕಾಯಿ, ನಿಂಬೆರಸಗಳನ್ನಷ್ಟೇ ಬೆರೆಸಿ, ಮೇಲೆ ಕರಿದ ಆಲೂಗಡ್ಡೆಯ ಎಳೆಗಳನ್ನು ಉದುರಿಸಿ ಅವರ ಕೈಗಿತ್ತನು. ಅಜ್ಜಿಯವರು ನಮ್ಮ ನಡುವೆ ನಿಂತುಕೊಂಡೇ ಅದನ್ನು ಕಡೆಯ ಕಾಳಿನವರೆಗೆ ತಿಂದು, ದೊನ್ನೆಯನ್ನು ಮತ್ತೆ ಮುಂದೆ ನೀಡಿ, ‘ಇನ್ನೊಂದು ಚೂರು ಹಾಕಸು’ ಎಂದು ನನಗೆ ಹೇಳಿದರು.