ಮೊದಲ ಕಾಲು ಮೈಲಿಯ ಲೆಕ್ಕ

2022ರ ಕೆಂಟಕಿ ಡರ್ಬಿ ವಿಡಿಯೋ ನೋಡಿದವರು ನಮ್ಮ ಹಾಸ್ಟೆಲ್‌ನಲ್ಲಿ ಹೇಳೋದು ಒಂದೇ ಮಾತು: "ಲಕ್ಕು ಗುರು!" ಹಾಗನ್ನಿಸೋದು ಸಹಜ. ಗೆದ್ದ ರಿಚ್ ಸ್ಟ್ರೈಕ್‌ಗೆ ಇದ್ದ ಬೆಲೆ 80ಕ್ಕೆ 1. ಹಿಂದಿನ ದಿನ ಬೇರೊಂದು ಕುದುರೆ ಹಿಂದೆ ಸರಿಯದಿದ್ದರೆ ಅದು ರೇಸಲ್ಲೇ ಇರುತ್ತಿರಲಿಲ್ಲ. ಆದರೆ ಟೈಮಿಂಗ್ ತೆಗೆದು ನೋಡಿದ ಮೇಲೆ ಬರೀ ಲಕ್ ಅಂತ ಬಿಟ್ಟುಬಿಡೋಕೆ ನಮಗೆ ಮನಸ್ಸಾಗಲಿಲ್ಲ. (ಬೆಟ್ಟಿಂಗ್ ಟಿಪ್ಸ್ ಬೇಕಾದವರು ಇಲ್ಲೇ ನಿಲ್ಲಿಸಬಹುದು, ನಮ್ಮ ಹತ್ರ ಇಲ್ಲ.)

ಡರ್ಬಿಯ ದೂರ ಒಂದೂಕಾಲು ಮೈಲಿ, ಅಂದರೆ ಸುಮಾರು 2,012 ಮೀಟರ್. ಆ ದಿನ ಮುಂದಿದ್ದ ಕುದುರೆ ಮೊದಲ ಕಾಲು ಮೈಲಿಯನ್ನು 21.78 ಸೆಕೆಂಡಿನಲ್ಲಿ ಓಡಿತು. ಡರ್ಬಿ ಇತಿಹಾಸದಲ್ಲೇ ಅಷ್ಟು ವೇಗದ ಆರಂಭ ಇರಲಿಲ್ಲ. ಅರ್ಧ ಮೈಲಿ ಆದಾಗ 45.36. ಇಡೀ ರೇಸ್ ಮುಗಿದದ್ದು 2 ನಿಮಿಷ 2.61 ಸೆಕೆಂಡಿಗೆ. ಈಗ ಕಳೆಯಿರಿ: ಉಳಿದ ಮೂರು ಕಾಲು ಮೈಲಿಗಳಿಗೆ 77.25 ಸೆಕೆಂಡು, ಸರಾಸರಿ 25.75. ಮೊದಲ ಎರಡರ ಸರಾಸರಿ 22.68 ಮಾತ್ರ. ಶುರುವಲ್ಲಿ ಮುಂದಿದ್ದ ಸಮ್ಮರ್ ಈಸ್ ಟುಮಾರೋ 20 ಕುದುರೆಗಳಲ್ಲಿ ಕೊನೆಯದಾಗಿ ಬಂತು. ರಿಚ್ ಸ್ಟ್ರೈಕ್ ಆರಂಭದಲ್ಲಿ ಪೂರ್ತಿ ಹಿಂದೆ ಇತ್ತು. ಕೊನೆಯಲ್ಲಿ ಅದು ರಾಕೆಟ್ ಥರ ಕಾಣುತ್ತೆ ನಿಜ, ಆದರೆ ಅದರಲ್ಲಿ ದೊಡ್ಡ ಪಾಲು ಫಸ್ಟ್ ಪಿಯು ಫಿಸಿಕ್ಸ್‌ನ ಸಾಪೇಕ್ಷ ವೇಗ. ಮುಂದಿನವರು ಸುಸ್ತಾಗಿ ಹಿಂದೆ ಬರುತ್ತಿದ್ದರು.

ಸ್ಪೋರ್ಟ್ಸ್ ಡೇ 1500 ಮೀಟರ್‌ನಲ್ಲಿ ಮೊದಲ ಸುತ್ತು ಹೀರೋ ಥರ ಓಡಿ ಮೂರನೇ ಸುತ್ತಿಗೆ ಸೊಂಟ ಹಿಡಿದುಕೊಂಡು ನಿಲ್ಲೋನು ಪ್ರತಿ ಬ್ರಾಂಚ್‌ನಲ್ಲೂ ಒಬ್ಬ ಇರ್ತಾನೆ. ಕುದುರೆಗೂ ಅದೇ ಕಥೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತೆ, ಅದನ್ನು ಎದುರಿಸೋ ಪವರ್ ಘನದಂತೆ. ಜೊತೆಗೆ ನಾಗಾಲೋಟದಲ್ಲಿ ಕುದುರೆ ಒಂದು ಹೆಜ್ಜೆಸುತ್ತಿಗೆ ಒಂದೇ ಉಸಿರು ತೆಗೆದುಕೊಳ್ಳುತ್ತೆ, ಬೇಕಾದಾಗ ಎರಡು ಉಸಿರು ಎಳೆಯೋ ಸೌಲಭ್ಯ ಇಲ್ಲ. ಆಮ್ಲಜನಕ ಸಾಲದೆ ಸ್ನಾಯು ಮಾಡಿದ ಸಾಲವನ್ನು ಕೊನೆಯ ನೇರದಲ್ಲಿ ತೀರಿಸಬೇಕು.

ಹಾಗಾಗಿ ಹ್ಯಾಂಡಿಕ್ಯಾಪಿಂಗ್ ಮಾಡುವವರು ಮೊದಲು ಕೇಳೋದು "ಯಾವುದು ಫಾಸ್ಟ್" ಅಂತ ಅಲ್ಲ, "ಮುಂದೆ ಓಡೋ ಅಭ್ಯಾಸದವು ಎಷ್ಟಿವೆ" ಅಂತ. ಅಂಥದ್ದು ಒಂದೇ ಇದ್ದರೆ ಅದು ಆರಾಮಾಗಿ ನಿಧಾನ ಲಯ ಹಿಡಿದು ಶಕ್ತಿ ಉಳಿಸಿಕೊಳ್ಳುತ್ತೆ, ಹಿಡಿಯೋದು ಕಷ್ಟ. ಮೂರ್ನಾಲ್ಕು ಇದ್ದರೆ ತಮ್ಮತಮ್ಮಲ್ಲೇ ಹೊಡೆದಾಡಿ ಸುಸ್ತಾಗುತ್ತವೆ. ಅದೇ ಕುದುರೆ, ಅದೇ ಸಾಮರ್ಥ್ಯ, ಬೇರೆ ಫಲಿತಾಂಶ. ಇದಕ್ಕೆಲ್ಲ ಸೆಡ್ಡು ಹೊಡೆದದ್ದು ಸೆಕ್ರೆಟೇರಿಯಟ್. 1973ರ ಡರ್ಬಿಯಲ್ಲಿ ಅದರ ಕಾಲು ಮೈಲಿಗಳು 25.2, 24, 23.8, 23.4, 23. ಪ್ರತಿಯೊಂದೂ ಹಿಂದಿನದಕ್ಕಿಂತ ವೇಗ! ಒಟ್ಟು 1 ನಿಮಿಷ 59.4 ಸೆಕೆಂಡಿನ ಆ ದಾಖಲೆ ಇನ್ನೂ ಮುರಿದಿಲ್ಲ.

ಇನ್ನು ನೆಲ. ಡರ್ಬಿ ನಡೆಯೋದು ಮಣ್ಣಿನ ಟ್ರ್ಯಾಕ್‌ನಲ್ಲಿ, ನಮ್ಮ ಬೆಂಗಳೂರಿನ ರೇಸ್ ಕೋರ್ಸ್‌ನಲ್ಲಿರೋದು ಹುಲ್ಲು. ಇಲ್ಲಿನ ಬೇಸಿಗೆ ಸೀಸನ್ ಮಳೆಗಾಲದೊಳಕ್ಕೂ ನುಗ್ಗುತ್ತೆ. ಮಳೆ ಬಂದರೆ ಗೊರಸು ಹೂತು, ಪ್ರತಿ ಹೆಜ್ಜೆಯಲ್ಲೂ ಶಕ್ತಿ ಮಣ್ಣಿಗೆ ಹೋಗುತ್ತೆ. ನೆಲ ಎಷ್ಟು ಮೆತ್ತಗಿದೆ ಅಂತ ಅಳೆಯೋಕೆ ಪೆನೆಟ್ರೋಮೀಟರ್ ಇದೆ. ನಿಗದಿತ ಎತ್ತರದಿಂದ ತೂಕ ಬಿಟ್ಟಾಗ ಕಡ್ಡಿ ಎಷ್ಟು ಆಳ ಇಳಿಯಿತು ಅನ್ನೋದೇ ರೀಡಿಂಗ್. ಸಂಖ್ಯೆ ಹೆಚ್ಚಿದ್ದಷ್ಟೂ ನೆಲ ಮೆದು. ಸಿವಿಲ್‌ನವರಿಗೆ ಇದು ಹೊಸದೇನಲ್ಲ.

ಹಾಗಾದರೆ ಒಣ ದಿನದ ಟೈಮಿಂಗನ್ನು ಒದ್ದೆ ದಿನದ್ದರ ಜೊತೆ ಹೋಲಿಸೋದು ಹೇಗೆ? ಅಮೆರಿಕದ ಆಂಡ್ರ್ಯೂ ಬೇಯರ್ 1975ರ ತಮ್ಮ ಪುಸ್ತಕದಲ್ಲಿ ವಿವರಿಸಿದ ವಿಧಾನ ಸರಳ. ಆ ದೂರಕ್ಕೆ, ಆ ದರ್ಜೆಯ ಕುದುರೆಗಳಿಗೆ ಸಾಮಾನ್ಯವಾಗಿ ಎಷ್ಟು ಹೊತ್ತು ಬೇಕೋ ಅದರ ಜೊತೆ ಆ ದಿನದ ಎಲ್ಲ ರೇಸುಗಳನ್ನೂ ಹೋಲಿಸಿ. ಎಲ್ಲವೂ ಒಂದೂವರೆ ಸೆಕೆಂಡಿನಷ್ಟು ನಿಧಾನ ಅಂದ್ರೆ ತಪ್ಪು ಕುದುರೆಗಳದ್ದಲ್ಲ, ನೆಲದ್ದು. ಅಷ್ಟನ್ನು ಕಳೆಯಿರಿ. ವರ್ನಿಯರ್‌ನ ಜೀರೋ ಎರರ್ ನೆನಪಾಯ್ತಾ, ಅದೇ.

ಆದರೆ ವರ್ನಿಯರ್‌ನ ಎರರ್ ಮಧ್ಯಾಹ್ನ ಮಳೆ ಬಂತು ಅಂತ ಬದಲಾಗಲ್ಲ. ಎರಡನೇ ರೇಸಿಗೂ ಆರನೇ ರೇಸಿಗೂ ನೆಲ ಒಂದೇ ಇರಲ್ಲ, ದಿನಕ್ಕೆ ನಡೆಯೋ ಬೆರಳೆಣಿಕೆಯ ರೇಸುಗಳಿಂದ ತೆಗೆದ ಸರಾಸರಿಯೂ ಅಷ್ಟಕ್ಕಷ್ಟೇ. ಹುಲ್ಲಿನ ಮೇಲಂತೂ ಶುರುವಲ್ಲಿ ನಿಧಾನವಾಗಿ ಹೋಗಿ ಕೊನೆಯಲ್ಲಿ ಸ್ಪ್ರಿಂಟ್ ಮಾಡೋದೇ ಹೆಚ್ಚು. ಆಗ ಒಟ್ಟು ಸಮಯ ಕುದುರೆಯ ಬಗ್ಗೆ ಹೇಳೋದು ಕಡಿಮೆ. ಅಮೆರಿಕದ ಸೂತ್ರವನ್ನು ಹಾಗೇ ತಂದು ಬೆಂಗಳೂರಿನ ಮೇಲೆ ಕೂರಿಸೋದು ನಮಗೆ ಸರಿ ಕಾಣಲ್ಲ.

ಸರಿ, ಇದೆಲ್ಲ ಗೊತ್ತಿದ್ದರೆ ರಿಚ್ ಸ್ಟ್ರೈಕ್ ಗೆಲ್ಲುತ್ತೆ ಅಂತ ಹೇಳಬಹುದಿತ್ತಾ? ಇಲ್ಲ. ಮುಂದಿನ ಸಾಲು ಕುಸಿಯಬಹುದು ಅಂತ ಹೇಳಬಹುದಿತ್ತು. ಹಿಂದೆ ಕಾಯುವ ಕುದುರೆಗಳಲ್ಲಿ ಯಾವುದಕ್ಕೆ ದಾರಿ ಬಿಡುತ್ತೆ ಅನ್ನೋದು ಯಾವ ಲೆಕ್ಕಕ್ಕೂ ಸಿಗೋದಲ್ಲ. ಐದು ವಾರಗಳ ನಂತರ ಬೆಲ್ಮಾಂಟ್ ಸ್ಟೇಕ್ಸ್‌ನಲ್ಲಿ ಮುಂದೆ ಅಂಥ ಹೊಡೆದಾಟ ನಡೆಯಲಿಲ್ಲ. ರಿಚ್ ಸ್ಟ್ರೈಕ್ ಎಂಟರಲ್ಲಿ ಆರನೆಯದಾಗಿ ಬಂತು.